ಬಲಗೈ ಬ್ರೇಕು

ಮೊದಲು ಹೋದದ್ದು ನಿಂಬೆಹಣ್ಣು ಹಿಂಡುವ ಶಕ್ತಿ. ಚಿತ್ರಾನ್ನಕ್ಕೆಂದು ಅರ್ಧ ಹೋಳು ಹಿಡಿದು ಒತ್ತಿದರೆ ರಸದ ಬದಲು ನನ್ನ ಕಣ್ಣಲ್ಲಿ ನೀರು ಬಂತು. ಹಣ್ಣು ಒಣಗಿದೆ ಅಂದುಕೊಂಡು ಇನ್ನೊಂದನ್ನು ಕತ್ತರಿಸಿದೆ. ಅದೂ ಒಣಗಿದ್ದೇ ಎಂದು ತೀರ್ಮಾನಿಸಿ, ಸಂತೆಯಲ್ಲಿ ನಿಂಬೆಹಣ್ಣು ಮಾರುವವಳನ್ನು ಮನಸ್ಸಿನಲ್ಲೇ ಬೈದುಕೊಂಡೆ. ಪಾಪ, ಅವಳದೇನೂ ತಪ್ಪಿರಲಿಲ್ಲ.

ಆಮೇಲೆ ಒಂದೊಂದೇ ವಸ್ತು ನನ್ನ ಮಾತು ಕೇಳುವುದನ್ನು ನಿಲ್ಲಿಸಿತು. ಕುಕ್ಕರಿನ ಮುಚ್ಚಳ, ರವಿಕೆಯ ಹುಕ್ಕು, ಪೇಸ್ಟಿನ ಟ್ಯೂಬು. ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟರೆ ನೆಲದ ಮೇಲೆಲ್ಲ ಯಾರೋ ಜಲ್ಲಿ ಸುರಿದ ಹಾಗೆ. ಬೆರಳುಗಳು ಮಡಚುತ್ತಿರಲಿಲ್ಲ, ಬಿಸಿನೀರಿನ ಚೊಂಬಿನಲ್ಲಿ ಅದ್ದಿಕೊಂಡು ಕುಳಿತರೆ ನಿಧಾನವಾಗಿ, ಒಲ್ಲದ ಮನಸ್ಸಿನಿಂದ ಮಡಚುತ್ತಿದ್ದವು. ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಎಲ್ಲ ಸರಿ. ಮಧ್ಯಾಹ್ನ ನಾನು ರೊಟ್ಟಿ ತಟ್ಟುವುದನ್ನು ನೋಡಿದವರಿಗೆ ಬೆಳಿಗ್ಗೆ ಇವಳಿಗೆ ಬಾಗಿಲ ಚಿಲಕ ತೆಗೆಯಲು ಬರಲಿಲ್ಲ ಎಂದರೆ ನಂಬಿಕೆ ಬರುತ್ತಿರಲಿಲ್ಲ. ಈ ಕಾಯಿಲೆಯ ಮೋಸವೇ ಅದು. ನಾಲ್ಕು ಜನ ಎದುರಿಗಿದ್ದಾಗ ಅದು ಇರುವುದಿಲ್ಲ.

ಹೀಗೆ ಬೆಳಗಿನ ಹೊತ್ತು ತನ್ನ ಕೈಯನ್ನೇ ತಾನು ಗುರುತು ಹಿಡಿಯಲಾರದೆ ಕುಳಿತಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಜೊತೆ ಸ್ವಲ್ಪ ಹೊತ್ತು ಕೂರೋಣ ಎಂದೇ ಬರೆಯುತ್ತಿದ್ದೇನೆ. ಕಾಯಿಲೆಯ ವಿವರ ಡಾಕ್ಟರು ಹೇಳುತ್ತಾರೆ. ನಾನು ಹೇಳಬಹುದಾದದ್ದು ನನ್ನ ಸ್ಕೂಟರಿನ ಕಥೆ.

ನಮ್ಮದು ಹಳೇಬೀಡು. ನಮ್ಮ ಯಜಮಾನರು ಜಾವಗಲ್ಲಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು, ದಿನಾ ಬಸ್ಸಿನಲ್ಲಿ ಓಡಾಡುತ್ತಾರೆ. ಮನೆಯಲ್ಲಿ ಅತ್ತೆ, ನಾನು, ಏಳನೇ ತರಗತಿಯ ಮಗಳು ಧನ್ಯಾ. ಅವಳ ಶಾಲೆ ಬೇಲೂರಿನಲ್ಲಿ. ದಿನಾ ಬೆಳಿಗ್ಗೆ ಅವಳನ್ನು ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುವುದು ನನ್ನ ಕೆಲಸ. ಕೆಲಸ ಎಂದೆ, ನಿಜವಾಗಿ ಅದು ನನ್ನ ದಿನದ ಒಳ್ಳೆಯ ಭಾಗ. ಧನ್ಯಾ ಮನೆಯಲ್ಲಿ ಬಾಯಿ ಬಿಡುವವಳಲ್ಲ. ಸ್ಕೂಟರಿನ ಹಿಂದೆ ಕೂತರೆ ಮಾತ್ರ ಎಲ್ಲ ಹೊರಗೆ ಬರುತ್ತಿತ್ತು. ಯಾವ ಟೀಚರು ಯಾರಿಗೆ ಏನಂದರು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ. ನನ್ನ ಮುಖ ಅವಳಿಗೆ ಕಾಣುವುದಿಲ್ಲವಲ್ಲ, ಅದಕ್ಕೇ ಇರಬೇಕು.

ಕೈ ನೋವಿಗೆ ಎಲ್ಲರ ಬಳಿಯೂ ಒಂದೊಂದು ಹೆಸರಿತ್ತು. ಅತ್ತೆಯವರ ಪ್ರಕಾರ ಅದು ವಾಯು. ಎಕ್ಕದ ಎಲೆಗೆ ಎಣ್ಣೆ ಸವರಿ, ಬಿಸಿ ಮಾಡಿ ನನ್ನ ಮಣಿಕಟ್ಟಿಗೆ ಕಟ್ಟುತ್ತಿದ್ದರು. ಕಟ್ಟುವಾಗ ಅವರ ಕೈ ಬಲು ಹಗುರ, ವಾಸಿಯಾಗದಿದ್ದರೂ ಸುಖವಾಗುತ್ತಿತ್ತು. ಪಕ್ಕದ ಮನೆಯವರು ಚಿಕುನ್‌ಗುನ್ಯಾ ಎಂದರು. ಬೇಲೂರಿನ ಡಾಕ್ಟರೂ ಮೊದಲು ಹಾಗೇ ಭಾವಿಸಿ, "ಒಂದಷ್ಟು ದಿನ ನೋಡೋಣ, ಕಮ್ಮಿ ಆಗದಿದ್ರೆ ಹಾಸನಕ್ಕೆ ಬರೆದು ಕೊಡ್ತೀನಿ," ಎಂದಿದ್ದರು.

"ಬೆಳಿಗ್ಗೆ ಎದ್ದ ತಕ್ಷಣ ತಣ್ಣೀರಲ್ಲಿ ಕೈ ಇಡ್ಬೇಡ ಅಂತ ಬಡ್ಕೋತೀನಿ," ಎಂದು ಅತ್ತೆ.

"ಬಿಸಿನೀರು ಕಾಯೋತನಕ ಪಾತ್ರೆ ಕಾಯುತ್ತಾ ಅತ್ತೆ?" ಎಂದು ನಾನು.

"ಕಾದ್ರೆ ಏನಾಗತ್ತೆ, ಪಾತ್ರೆಗೇನು ಸ್ಕೂಲಿಗೆ ಹೋಗ್ಬೇಕಾ?"

ಸ್ಕೂಲಿಗೆ ಹೋಗಬೇಕಾದದ್ದು ಧನ್ಯಾ. ಅದು ಬೆಳಿಗ್ಗೆ, ನನ್ನ ಕೈ ಇನ್ನೂ ನನ್ನದಾಗದ ಹೊತ್ತಿನಲ್ಲಿ.

ದೀಪಾವಳಿ ಕಳೆದಿತ್ತು. ರಸ್ತೆಯ ಅಂಚಿಗೆಲ್ಲ ಮೆಕ್ಕೆಜೋಳ ಹರವಿ ಒಣಗಿಸುವ ಕಾಲ. ಧನ್ಯಾ ಹಿಂದೆ ಕೂತು ಏನೋ ನಗುತ್ತಾ ಹೇಳುತ್ತಿದ್ದಳು. ಮುಂದೆ ಹೋಗುತ್ತಿದ್ದ ಗೂಡ್ಸ್ ಆಟೋ ಇದ್ದಕ್ಕಿದ್ದಂತೆ ನಿಂತಿತು. ನಾನು ಎಡಗೈ ಬ್ರೇಕು ಹಿಡಿದೆ. ಹಿಡಿದೆ ಎಂದುಕೊಂಡೆ. ಬೆರಳುಗಳು ಬ್ರೇಕಿನ ಮೇಲೆ ಹೋಗಿ ಕೂತವು, ಅಷ್ಟೇ. ಒತ್ತಲಿಲ್ಲ. ಆ ಗಳಿಗೆಯನ್ನು ಈಗಲೂ ಹೇಳಲು ಬರುವುದಿಲ್ಲ. ಕರೆದರೆ ಓಗೊಡದ ಮನೆಯ ಬಾಗಿಲಲ್ಲಿ ನಿಂತ ಹಾಗೆ. ನಾನು ಎರಡೂ ಕಾಲು ಕೆಳಗೆ ಬಿಟ್ಟು ನೆಲಕ್ಕೆ ಉಜ್ಜಿದೆ, ಒಂದು ಚಪ್ಪಲಿ ಹಾರಿಹೋಯಿತು, ಹ್ಯಾಂಡಲ್ ತಿರುಗಿಸಿದೆ, ಗಾಡಿ ಜೋಳದ ರಾಶಿಗೆ ನುಗ್ಗಿ ಮಲಗಿತು.

ಬೀಳುವಾಗ ನನ್ನ ಬಾಯಿಗೆ ಬಂದದ್ದು ಚಿಕ್ಕಂದಿನಲ್ಲಿ ಓದಿದ ಕಾನ್ವೆಂಟಿನಲ್ಲಿ ದಿನಾ ಬೆಳಿಗ್ಗೆ ಸಾಲಾಗಿ ನಿಂತು ಹೇಳುತ್ತಿದ್ದ ಇಂಗ್ಲಿಷ್ ಪ್ರಾರ್ಥನೆಯ ಮೊದಲ ಸಾಲು. ಮನೆದೇವರ ಹೆಸರು ಬಂದದ್ದು ಆಮೇಲೆ. ಇಬ್ಬರು ದೇವರೂ ಬೇಸರ ಮಾಡಿಕೊಂಡಿಲ್ಲವೆಂದು ನಂಬಿದ್ದೇನೆ.

ಜೋಳದ ಹೆಂಗಸು ಮೊರ ಬಿಸಾಕಿ ಓಡಿ ಬಂದಳು. "ಅಯ್ಯಯ್ಯೋ ನಮ್ ಜೋಳಾ," ಎಂದು ಶುರು ಮಾಡಿದವಳು ಧನ್ಯಾಳನ್ನು ನೋಡಿ ದನಿ ಬದಲಿಸಿದಳು. "ಏನವ್ವಾ ಮಗ, ಏಟಾಯ್ತಾ? ಎಲ್ಲೈತೆ ನೋವು, ತೋರ್ಸು." ಅವಳನ್ನು ಎತ್ತಿ ಕೂರಿಸಿ ಸೆರಗಿನಲ್ಲಿ ಕೂದಲಿನ ಜೋಳ ಝಾಡಿಸಿದಳು. ಮೊಣಕೈ ತರಚಿತ್ತು, ಅಷ್ಟೇ. "ಜೋಳ ಹೋಯ್ತದೆ, ಮತ್ತೆ ಗುಡ್ಡೆ ಮಾಡ್ಕಬೋದು ಬಿಡವ್ವ. ನೀನ್ಯಾಕಂಗೆ ನಡುಗ್ತಿದೀಯ, ಕೂತ್ಕೋ," ಎಂದು ನನಗೂ ನೀರು ಕೊಟ್ಟಳು. ಆ ಚೊಂಬನ್ನು ನಾನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಕುಡಿದೆ. ಬೆರಳಿನಲ್ಲಿ ಹಿಡಿಯಲಾಗಲಿಲ್ಲ. ಧನ್ಯಾ ಅದನ್ನೇ ನೋಡುತ್ತಿದ್ದಳು.

ಅದಾದ ಮೇಲೆ ಬೇಲೂರಿನ ಡಾಕ್ಟರು ಒಂದಷ್ಟು ದಿನ ಎನ್ನಲಿಲ್ಲ, ಹಾಸನಕ್ಕೆ ಬರೆದು ಕೊಟ್ಟರು.

ಹಾಸನದಲ್ಲಿ ಕೀಲು ವಾತದ ಡಾಕ್ಟರು ಮೈಸೂರಿನಿಂದ ಆಗಾಗ ಬರುತ್ತಾರೆ, ಹೆಂಗಸು. ಅವರು ಬರುವ ದಿನ ಆ ಕ್ಲಿನಿಕ್ಕಿನ ವೆಯ್ಟಿಂಗ್ ರೂಮು ತುಂಬಿರುತ್ತದೆ. ಮೊದಲ ಸಲ ಹೋದಾಗ ನನಗೆ ವಿಚಿತ್ರವಾಗಿ ಕಂಡದ್ದು, ಎಲ್ಲರೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ರೀತಿ. ಕಾನ್ವೆಂಟಿನಲ್ಲಿ ಸಿಸ್ಟರು ಹೇಳಿಕೊಟ್ಟ ಹಾಗೆ, ಒಂದರ ಮೇಲೊಂದು. ಆದರೆ ಇವರು ಶಿಸ್ತಿಗೆ ಹಾಗೆ ಕೂತವರಲ್ಲ. ನಿದ್ದೆ ಹೋದ ಮಗುವನ್ನು ಇಟ್ಟುಕೊಂಡವರ ಹಾಗೆ ಕೂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರೂ ಪಕ್ಕದವರ ಬೆರಳು ನೋಡುತ್ತಿದ್ದರು. ಇವರದು ನನ್ನದಕ್ಕಿಂತ ಹೆಚ್ಚೋ ಕಮ್ಮಿಯೋ. ನಾನೂ ನೋಡಿದೆ. ಎದುರಿಗೆ ಕೂತಿದ್ದ ವಯಸ್ಸಾದವರೊಬ್ಬರ ಬೆರಳುಗಳು ಎಲ್ಲ ಒಂದೇ ಕಡೆಗೆ ವಾಲಿದ್ದವು, ಗಾಳಿಗೆ ಬಾಗಿದ ಪೈರಿನ ಹಾಗೆ. ನನ್ನವೂ ಹಾಗಾಗುತ್ತವೆಯೇ ಎಂದು ಯಾರನ್ನು ಕೇಳುವುದು?

ಪಕ್ಕದಲ್ಲಿದ್ದವರು ಗೆಂಡೆಹಳ್ಳಿ ಕಡೆಯವರು. ಅವರಿಗೆ ಬಾಯಾರಿ ಚೀಲದಿಂದ ನೀರಿನ ಬಾಟಲಿ ತೆಗೆದರು. ಹೊಸ ಬಾಟಲಿ, ಮುಚ್ಚಳ ಬಿಗಿ. ತಿರುಗಿಸಿ ನೋಡಿ, ನನ್ನ ಕಡೆಗೆ ಹಿಡಿದು, "ವಸಿ ತೆಗ್ದುಕೊಡವ್ವಾ," ಎಂದರು. ನಾನು ಪ್ರಯತ್ನಪಟ್ಟೆ, ಆಗಲಿಲ್ಲ, ನಾಚಿಕೆಯಾಗಿ ಆಚೆಯವರಿಗೆ ಕೊಟ್ಟೆ. ಅವರು ಸೆರಗು ಸುತ್ತಿ ತಿರುಗಿಸಿದರು, ಆಗಲಿಲ್ಲ. ಅವರು ಇನ್ನೊಬ್ಬರಿಗೆ. ಬಾಟಲಿ ಆ ಸಾಲನ್ನೆಲ್ಲ ಸುತ್ತಿ, ಎದುರಿನ ಸಾಲಿಗೆ ಹೋಗಿ, ಮುಚ್ಚಳ ಹಾಗೇ ಇಟ್ಟುಕೊಂಡು ವಾಪಸ್ಸು ಗೆಂಡೆಹಳ್ಳಿಯವರ ಕೈಗೇ ಬಂತು.

"ಒಳ್ಳೆ ಜಾಗ್ದಲ್ಲಿ ಬಾಯಾರ್ತು ನಂಗೆ," ಎಂದರು ಅವರು.

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಇಡೀ ರೂಮು ನಕ್ಕಿತು. ಬೆರಳು ವಾಲಿದ್ದ ಆ ಹಿರಿಯರು ಎಲ್ಲರಿಗಿಂತ ಹೆಚ್ಚು ನಕ್ಕು ಕಣ್ಣೊರೆಸಿಕೊಂಡರು. ಕೊನೆಗೆ ಔಷಧಿ ಅಂಗಡಿಯವನು ಬಂದು ಒಂದೇ ತಿರುವಿಗೆ ತೆಗೆದು ಕೊಟ್ಟು, ಇದರಲ್ಲಿ ನಗುವಂಥದ್ದೇನಿದೆ ಎಂದು ನೋಡುತ್ತಾ ಹೋದ. ಆ ನೀರನ್ನು ನಾವೆಲ್ಲ ಒಂದೊಂದು ಗುಟುಕು ಕುಡಿದೆವು. ಅಂದಿನಿಂದ ಆ ರೂಮಿಗೆ ಹೋಗಲು ನನಗೆ ಭಯವಾಗಿಲ್ಲ.

ಡಾಕ್ಟರು ತಮ್ಮ ಎರಡು ಬೆರಳು ಮುಂದೆ ಚಾಚಿ, "ಹಿಡ್ಕೊಂಡು ಒತ್ತಿ ನೋಡೋಣ," ಎಂದರು. ಒತ್ತಿದೆ. "ಒತ್ತಿ," ಎಂದರು ಮತ್ತೆ. ಒತ್ತುತ್ತಲೇ ಇದ್ದೆ. ಅವರಿಗೆ ಗೊತ್ತಾಯಿತು, ಮೆಲ್ಲಗೆ ಬೆರಳು ಬಿಡಿಸಿಕೊಂಡರು. ಬಲಗೈಗಿಂತ ಎಡಗೈಯಲ್ಲಿ ಊತ ಹೆಚ್ಚು. ರಕ್ತಪರೀಕ್ಷೆ ಬಂದ ಮೇಲೆ ಹೆಸರು ಹೇಳಿದರು, ರುಮಟಾಯ್ಡ್ ಆರ್ಥ್ರೈಟಿಸ್. ಮನೆಗೆ ಬಂದು ಸಂಧಿವಾತ ಎಂದು ಹೇಳಿದಾಗ ಅತ್ತೆಗೆ ಕೋಪವೇ ಬಂತು. "ಸಂಧಿವಾತ ನಂಗೆ ಬರ್ಬೇಕು, ನಿಂಗ್ಯಾಕೆ? ಸರಿಯಾಗಿ ನೋಡಿದ್ರಾ ಅವ್ರು?" ತಮ್ಮ ಪಾಲಿಗೆ ಬಂದದ್ದನ್ನು ಯಾರೋ ತಪ್ಪಿ ಸೊಸೆಗೆ ಕೊಟ್ಟುಬಿಟ್ಟರು ಎಂಬಂತೆ. ಆ ಕೋಪ ನನಗೆ ಎಷ್ಟು ಸಮಾಧಾನ ಕೊಟ್ಟಿತೆಂದು ಅವರಿಗೆ ಇವತ್ತಿಗೂ ಹೇಳಿಲ್ಲ.

ಮರುದಿನದಿಂದ ಯಜಮಾನರು ತಾವೇ ಎದ್ದು ಹಾಲಿನ ಪ್ಯಾಕೆಟ್ಟು ಕತ್ತರಿಸಿ, ಕುಕ್ಕರಿನ ಮುಚ್ಚಳ ತೆಗೆದಿಟ್ಟು, ಡಬ್ಬಿಗಳ ಮುಚ್ಚಳವನ್ನೆಲ್ಲ ಸಡಿಲ ಮಾಡಿಟ್ಟು ಹೋಗತೊಡಗಿದರು. ನಾನು ಗೊತ್ತಿಲ್ಲದೆ ಮುಚ್ಚಳ ಹಿಡಿದು ಡಬ್ಬಿ ಎತ್ತಿ ಹುರಿಗಡಲೆಯೆಲ್ಲ ಅಡಿಗೆಮನೆ ತುಂಬ ಚೆಲ್ಲಿದ್ದೂ ಉಂಟು.

ಔಷಧಿ ವಾರಕ್ಕೊಂದು ದಿನ. ಭಾನುವಾರ ಮಾತ್ರೆ, ಸೋಮವಾರ ಹೊಟ್ಟೆ ತೊಳಸು. ಒಗ್ಗರಣೆಯ ವಾಸನೆ ಬಂದರೆ ಹಿತ್ತಿಲಿಗೆ ಓಡಬೇಕು. ಬಾಚಣಿಗೆಯಲ್ಲಿ ಕೂದಲು. "ತಕ್ಷಣ ಏನೂ ಗೊತ್ತಾಗಲ್ಲ, ಕಾಯ್ಬೇಕು," ಎಂದಿದ್ದರು ಡಾಕ್ಟರು. ಕಾದೆ. ಕಾಯುವುದೇ ದೊಡ್ಡ ಕೆಲಸ, ಆದರೆ ನೋಡಿದವರಿಗೆ ಸುಮ್ಮನೆ ಕೂತ ಹಾಗೆ ಕಾಣುತ್ತದೆ.

ಆ ದಿನಗಳಲ್ಲಿ ನನ್ನನ್ನು ಕಾಡಿದ್ದು ಕೈಗಿಂತ ಹೆಚ್ಚು ಧನ್ಯಾ. ಬಿದ್ದ ಮರುದಿನದಿಂದಲೇ ಅವಳು ಪಕ್ಕದ ಬೀದಿಯ ಮಕ್ಕಳ ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗತೊಡಗಿದ್ದಳು. "ಫ್ರೆಂಡ್ಸ್ ಎಲ್ಲ ಅದ್ರಲ್ಲೇ ಹೋಗ್ತಾರಮ್ಮ, ನೀನು ರೆಸ್ಟ್ ತಗೋ," ಎಂದಳು. ಒಳ್ಳೆಯ ಮಾತೇ. ಆದರೆ ಒಂದು ಮಧ್ಯಾಹ್ನ ಕೈ ಹಗುರವಾಗಿದ್ದಾಗ ಸ್ಕೂಟರನ್ನು ನೆರಳಿಗೆ ನಿಲ್ಲಿಸೋಣವೆಂದು ಸ್ಟಾರ್ಟ್ ಮಾಡಿದೆ. ಜಗುಲಿಯ ಮೇಲೆ ಓದುತ್ತಿದ್ದವಳು ಸದ್ದಿಗೆ ಕಾಲು ಮಡಚಿಕೊಂಡಳು. ಗಾಡಿ ಅಲ್ಲೆಲ್ಲೋ ಗೇಟಿನ ಹತ್ತಿರ, ಅವಳ ಕಾಲು ಇಲ್ಲಿ. ಆಮೇಲೆ ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಅದು ನನಗೆ ಕಾಣಲಿಲ್ಲ ಅಂದುಕೊಂಡಿದ್ದಳು. ಅವಳ ಮಾತೂ ಹೋಯಿತು. ಯಾವ ಟೀಚರು ಏನಂದರು ಎಂದು ಈಗ ಆಟೋಗೆ ಗೊತ್ತು, ನನಗೆ ಗೊತ್ತಿಲ್ಲ.

ಸ್ಕೂಟರು ಮಾರಿಬಿಡೋಣ ಎಂದವರು ಅತ್ತೆ. ಗೆಂಡೆಹಳ್ಳಿಯಲ್ಲಿ ಅತ್ತೆಯ ಪರಿಚಯದವರೊಬ್ಬರು ಮಗಳಿಗೆ ಒಂದು ಹಳೇ ಗಾಡಿ ಹುಡುಕುತ್ತಿದ್ದರು. ಯಜಮಾನರು ನನ್ನ ಮುಖ ನೋಡಿದರು. ನಾನು "ಸರಿ" ಎಂದೆ. ಬ್ರೇಕು ಹಿಡಿಯಲಾಗದವಳು ಬೇರೆ ಏನು ಹೇಳಲಿ.

ಆ ಭಾನುವಾರ ನಾದಿನಿ ಬಂದಳು. ಸುಧಾ, ನಮ್ಮ ಯಜಮಾನರ ತಂಗಿ, ಅರಸೀಕೆರೆಯಲ್ಲಿ ಪೊಲೀಸ್ ಕಾನ್‌ಸ್ಟೆಬಲ್. ಜಾವಗಲ್ಲಿನ ಮೇಲೆ ಬೈಕಿನಲ್ಲೇ ಬರುತ್ತಾಳೆ. ಬಂದವಳು ಹೆಲ್ಮೆಟ್ಟು ತೆಗೆದು, ಅತ್ತೆ ಕೊಟ್ಟ ಕಾಫಿ ಕುಡಿದು, ಮಾರುವ ವಿಷಯ ಕೇಳಿ, "ತಗೊಳ್ಳೋರಿಗೆ ಮೋಸ ಆಗ್ಬಾರ್ದು, ಒಂದ್ಸಲ ನೋಡ್ತೀನಿ ಇರಿ," ಎಂದು ಅಂಗಳಕ್ಕಿಳಿದಳು. ಸೆಂಟರ್ ಸ್ಟ್ಯಾಂಡ್ ಹಾಕಿ, ಸೀಟಿನ ಹಿಂಭಾಗ ಒತ್ತಿ ಮುಂದಿನ ಚಕ್ರ ಎತ್ತಿ ತಿರುಗಿಸಿದಳು. ಬಲಗೈ ಬ್ರೇಕು ಹಿಡಿದಳು. ಬ್ರೇಕು ಹಿಡಿಕೆಗೆ ತಾಗುವ ತನಕ ಬಂತು. ಚಕ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು.

"ಅಣ್ಣಾ, ಏನಿದು?"

ಯಜಮಾನರು ಪೇಪರಿನಿಂದ ತಲೆಯೆತ್ತಿದರು. "ಏನು? ಓ, ಅದಾ. ಅದು ಹಾಗೇ ಇರೋದು."

"ಹಾಗೇ ಅಂದ್ರೆ?"

"ಗಾಡಿ ತಂದಾಗ್ಲೇ ಸಡಿಲ ಮಾಡ್ಸಿದ್ದು. ಹೆಂಗಸರ ಗಾಡಿಗೆ ಹಾಗೇ ಇಡ್ಸೋದು ಕಣೇ, ಎಲ್ಲಾರೂ. ಮುಂದಿನ ಬ್ರೇಕು ಹಿಡಿದು ಮುಗ್ಗರಿಸಿಬಿಡ್ತಾರೆ ಅಂತ."

ಸುಧಾ ಎದ್ದು ನಿಂತು ಕೈ ಒರೆಸಿಕೊಂಡಳು. "ಅತ್ತಿಗೆ, ಈ ಬಲಗೈ ಬ್ರೇಕು ನೀವು ಯಾವತ್ತಾದ್ರೂ ಹಿಡಿದಿದೀರಾ?"

ಇಲ್ಲ. ಧನ್ಯಾ ಹುಟ್ಟಿದ ವರ್ಷ ಆ ಗಾಡಿ ಬಂತು. ಪೂಜೆ ಮಾಡಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಯಜಮಾನರು ಅಲ್ಲಿಂದ ನೇರವಾಗಿ ಗ್ಯಾರೇಜಿಗೆ ಹೋಗಿ ಮುಂದಿನ ಬ್ರೇಕು ಸಡಿಲ ಮಾಡಿಸಿಕೊಂಡು ಬಂದಿದ್ದರು. ನನ್ನ ಮೇಲಿನ ಪ್ರೀತಿಗೇ. ಕಲಿಸುವಾಗಲೂ ಹೇಳಿದ್ದು ಒಂದೇ ಮಾತು, "ಬಲಗೈ ಬೆರಳು ಬ್ರೇಕಿನ ಮೇಲೆ ಇಡ್ಲೇಬೇಡ." ನಮ್ಮ ಬೀದಿಯಲ್ಲಿ ಸ್ಕೂಟರು ಓಡಿಸುವ ಹೆಂಗಸರೆಲ್ಲ ಹಾಗೇ ಕಲಿತವರು, ಎಡಗೈ ಬ್ರೇಕು, ಸಾಲದಿದ್ದರೆ ಎರಡು ಕಾಲು. ನಮ್ಮೆಲ್ಲರ ಚಪ್ಪಲಿಯ ಹಿಮ್ಮಡಿ ಒಂದೇ ರೀತಿ ಸವೆದಿರುತ್ತದೆ. ಅಂದರೆ ಇಷ್ಟು ವರ್ಷ ಗಾಡಿ, ನಾನು, ಮಗಳು, ತರಕಾರಿ ಚೀಲ, ಎಲ್ಲದರ ಭಾರವನ್ನೂ ನಿಲ್ಲಿಸುತ್ತಿದ್ದದ್ದು ನನ್ನ ಎಡಗೈಯ ಬೆರಳುಗಳು. ಕಾಯಿಲೆ ಬಂದು ಕೂತದ್ದೂ ಅಲ್ಲೇ. ಅವತ್ತು ಬೆಳಿಗ್ಗೆ ನನ್ನ ಬಲಗೈಯಲ್ಲಿ ಇನ್ನೂ ಸ್ವಲ್ಪ ಬಲ ಇತ್ತು. ಆದರೆ ಅದು ಹಿಡಿಯಲು ಅಲ್ಲಿ ಬ್ರೇಕೇ ಇರಲಿಲ್ಲ.

"ನೀನು ಮಕ್ಕಳಿಗೆ ಪಾಠ ಮಾಡಲ್ವಾ ಅಣ್ಣ?" ಎಂದಳು ಸುಧಾ. "ಬ್ರೇಕ್ ಹಾಕಿದ್ರೆ ಭಾರ ಎಲ್ಲಿಗೆ ಹೋಗತ್ತೆ?"

"ಮುಂದಿನ ಚಕ್ರಕ್ಕೆ."

"ಹಾಗಾದ್ರೆ ಯಾವ ಚಕ್ರ ಜಾಸ್ತಿ ನಿಲ್ಸೋದು?"

"ಮುಂದಿಂದು," ಎಂದವರು ಪೇಪರು ಮಡಚಿಟ್ಟು, "ಅದು ಪಾಠ ಕಣೇ, ಇದು ಮನೆ," ಎಂದರು.

ಅತ್ತೆಗೂ ನಗು ತಡೆಯಲಾಗಲಿಲ್ಲ. ಆದರೆ ಯಜಮಾನರು ನಗಲಿಲ್ಲ. ಸ್ಕೂಟರಿನ ಹತ್ತಿರ ಹೋಗಿ ಆ ಬ್ರೇಕನ್ನು ತಾವೇ ಹಿಡಿದು, ಬಿಟ್ಟು, ಮತ್ತೆ ಹಿಡಿದು ನೋಡಿದರು.

"ಗೆಂಡೆಹಳ್ಳಿ ಹುಡುಗಿಗೆ ಇದನ್ನ ಹೀಗೇ ಕೊಡ್ತೀರಾ?" ಎಂದು ಸುಧಾ ಕೇಳಿದಳು. ಬ್ರೇಕು ರಿಪೇರಿಯಾದ ಮೇಲೆ ಬನ್ನಿ ಎಂದು ಅವರಿಗೆ ಹೇಳಿ ಕಳಿಸಿದೆವು. ಮುಂದಿನ ಬ್ರೇಕಿಗೂ ಹಿಂದಿನದಕ್ಕೂ ಹೊಸ ಕೇಬಲ್ಲು, ಹೊಸ ಬ್ರೇಕ್ ಶೂ. ಗ್ಯಾರೇಜಿನಿಂದ ಬಂದ ಗಾಡಿಯ ಎರಡೂ ಬ್ರೇಕು ಹಿಡಿದು ನೋಡಿದೆ. ಎಷ್ಟು ಹಗುರ. ಎಡಗೈ ಬ್ರೇಕಿನ ತುಕ್ಕು ಹಿಡಿದ ಕೇಬಲ್ಲನ್ನು ಎಳೆದೂ ಎಳೆದೂ ನನಗೆ ಬ್ರೇಕೆಂದರೆ ಬಿಗಿ ಎಂದೇ ಅಭ್ಯಾಸವಾಗಿಹೋಗಿತ್ತು.

ಹಾಸನಕ್ಕೆ ಮುಂದಿನ ಸಲ ಹೋದಾಗ ಮತ್ತೆ ಗಾಡಿ ಓಡಿಸಬಹುದೇ ಎಂದು ಡಾಕ್ಟರನ್ನು ಕೇಳಿದೆ. ಕೇಳುವಾಗ ನಾಚಿಕೆ, ಇಷ್ಟು ದೊಡ್ಡ ಕಾಯಿಲೆ ಇಟ್ಟುಕೊಂಡು ಸ್ಕೂಟರಿನ ಮಾತು. ಅವರು ಎಂದಿನಂತೆ ಎರಡು ಬೆರಳು ಚಾಚಿದರು. ನಾನು ಒತ್ತಿದೆ.

"ಸಾಕು, ಸಾಕು ಬಿಡಿ," ಎಂದರು. "ಇನ್ನೂ ಪೇಷೆಂಟ್ಸ್ ಇದಾರೆ ನಂಗೆ."

ಮಾತ್ರೆ ಕೆಲಸ ಮಾಡುತ್ತಿದೆ ಎಂದು ನನಗೆ ಗೊತ್ತಾದದ್ದು ಆಗ. ರಿಪೋರ್ಟಿನ ಅಂಕಿಗಳನ್ನು ತೋರಿಸಿದರು, ನಾನು ತಲೆಯಾಡಿಸಿದೆ, ಆದರೆ ಅವರು ತಮ್ಮ ಬೆರಳು ಉಜ್ಜಿಕೊಳ್ಳುತ್ತಿದ್ದದ್ದೇ ನನಗೆ ಸಾಕಾಗಿತ್ತು. ಅವರು ಒಂದು ನಿಯಮ ಹಾಕಿದರು. ಬೆಳಿಗ್ಗೆ ಒಂದು ಒದ್ದೆ ಟವೆಲ್ಲು ಹಿಂಡಿ ನೋಡಬೇಕು. ನೀರು ಇಳಿದರೆ ಗಾಡಿ. ಇಳಿಯದಿದ್ದರೆ ಅಂದು ಗಾಡಿ ಮುಟ್ಟುವಂತಿಲ್ಲ, ಬೇಜಾರೂ ಮಾಡಿಕೊಳ್ಳುವಂತಿಲ್ಲ. ಈ ಎರಡನೆಯದು ಕಷ್ಟ. ಈಗಲೂ ಕಷ್ಟ.

ಊರಾಚೆ ಒಂದು ಲೇಔಟ್ ಇದೆ. ಡಾಂಬರು ರಸ್ತೆಯಿದೆ, ಸೈಟಿನ ಕಲ್ಲುಗಳಿವೆ, ಒಂದೂ ಮನೆಯಿಲ್ಲ. ಸುಧಾ ಮುಂದಿನ ರಜೆಯ ದಿನ ಮಧ್ಯಾಹ್ನ ನಮ್ಮನ್ನೆಲ್ಲ ಅಲ್ಲಿಗೆ ಹೊರಡಿಸಿದಳು. ಯಜಮಾನರು ಬಂದರು. ಧನ್ಯಾ ಕೂಡ ಬಂದಳು, ಸುಧತ್ತೆಯ ಬೈಕಿನ ಹಿಂದೆ ಕೂತು. ಅತ್ತೆ ಮನೆಯಲ್ಲೇ ಉಳಿದು, ಯಾರ ಕೈಕಾಲೂ ಮುರಿಯದಿರಲಿ ಎಂದು ದೇವರಿಗೆ ದೀಪ ಹಚ್ಚಿದರು.

"ಮೊದ್ಲು ಎಡಗೈ ಒಂದ್ರಲ್ಲೇ ನಿಲ್ಸಿ, ನಿಮ್ಮ ಹಳೇ ಥರ," ಎಂದು ಸುಧಾ ಒಂದು ಸೈಟಿನ ಕಲ್ಲು ತೋರಿಸಿದಳು. ಕಲ್ಲಿನ ಬಳಿ ಬಂದು ಹಿಡಿದೆ. ಹಿಂದಿನ ಚಕ್ರ ಜಾರಿ, ಬಾಲ ಬಳುಕಿಸುತ್ತಾ ದೂರ ಹೋಗಿ ನಿಂತಿತು. ನಿಂತಲ್ಲಿ ಸುಧಾ ತನ್ನ ಒಂದು ಚಪ್ಪಲಿ ಬಿಟ್ಟಳು. ಆಮೇಲೆ ಅದೇ ವೇಗದಲ್ಲಿ ತಾನೇ ಓಡಿಸಿಕೊಂಡು ಬಂದು, ಅದೇ ಕಲ್ಲಿನ ಬಳಿ ಎರಡೂ ಬ್ರೇಕು ಹಿಡಿದು ನಿಲ್ಲಿಸಿ, ಅಲ್ಲಿ ಇನ್ನೊಂದು ಚಪ್ಪಲಿ ಬಿಟ್ಟಳು. ಎರಡು ಚಪ್ಪಲಿಗಳ ನಡುವೆ ಒಂದು ಎತ್ತಿನ ಗಾಡಿ, ಎತ್ತುಗಳ ಸಮೇತ, ಆರಾಮಾಗಿ ನಿಲ್ಲಬಹುದಿತ್ತು. ಯಜಮಾನರು ಆ ಜಾಗವನ್ನು ಹೆಜ್ಜೆ ಹಾಕಿ ಅಳೆದು ಬಂದರು, ಮತ್ತೆ ಅಳೆದರು.

ನನ್ನ ಸರದಿ. ಇಷ್ಟು ವರ್ಷ ಮುಟ್ಟಬೇಡ ಎಂದದ್ದನ್ನು ಮುಟ್ಟುವುದು. ಕಲ್ಲು ಬಂತು, ಹೆದರಿಕೆಗೆ ಬಲಗೈ ಬ್ರೇಕನ್ನು ಗಬಕ್ಕನೆ ಹಿಡಿದೆ. ಗಾಡಿಯ ಮೂತಿ ನೆಲಕ್ಕೆ ಕುಕ್ಕಿತು, ಹ್ಯಾಂಡಲ್ ಒಂದು ಕಡೆ ಎಳೆಯಿತು, ಎರಡೂ ಕಾಲು ತಾವಾಗಿ ಕೆಳಗೆ ಹೋದವು. ಬೀಳಲಿಲ್ಲ. ಆದರೆ ರಸ್ತೆಯ ಅಂಚಿನಲ್ಲಿದ್ದ ಧನ್ಯಾ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಕಿತ್ಕೋಬೇಡಿ ಅತ್ತಿಗೆ," ಎಂದು ಸುಧಾ ಹತ್ತಿರ ಬಂದಳು. "ಕಾಯಿಹಾಲು ಹೆಂಗೆ ಹಿಂಡ್ತೀರಾ?"

"ಬಟ್ಟೆಲಿ ಹಾಕಿ."

"ಬಟ್ಟೇಲಿ ಹಾಕಿ ಗಬಕ್ಕಂತ ಒತ್ತಿದ್ರೆ?"

"ಪಕ್ಕದಲ್ಲೆಲ್ಲ ಚಿಮ್ಮತ್ತೆ."

"ಮತ್ತೆ? ಮೊದ್ಲು ಮುಷ್ಟಿ ತುಂಬ ಹಿಡ್ಕೋತೀರಾ, ಆಮೇಲೆ ಬಿಗಿ ಮಾಡ್ತಾ ಹೋಗ್ತೀರಾ. ಇದೂ ಅಷ್ಟೇ. ಎರಡೂ ಕೈ ಒಟ್ಟಿಗೆ. ಆಕ್ಸಿಲೇಟರ್ ಬಿಡಿ, ಹಿಡ್ಕೊಳ್ಳಿ, ಭಾರ ಮುಂದಕ್ಕೆ ಬಂದಿದ್ದು ಕೈಗೆ ಗೊತ್ತಾಗತ್ತೆ, ಆಗ ಗಟ್ಟಿಯಾಗಿ ಹಿಂಡಿ. ಹ್ಯಾಂಡಲ್ ನೇರ ಇರ್ಲಿ. ಕೆಳಗೆ ನೋಡ್ಬೇಡಿ, ದೂರ ನೋಡಿ. ಕಾಲು ಮೇಲೇ ಇರ್ಲಿ, ಗಾಡಿ ಪೂರ್ತಿ ನಿಂತ ಮೇಲೆ ಇಳೀಲಿ. ಕಾಲು ಬ್ರೇಕಲ್ಲ ಅತ್ತಿಗೆ."

"ಅಷ್ಟು ನಿಧಾನ ಮಾಡಿದ್ರೆ ಅಷ್ಟರಲ್ಲಿ ಗುದ್ದಿರಲ್ವಾ?"

"ನಿಧಾನ ಯಾರು ಹೇಳಿದ್ರು? ಇದೆಲ್ಲ ನೀವು ಒಂದ್ಸಲ ಉಸಿರು ಬಿಡೋದ್ರೊಳಗೆ ಆಗ್ಬೇಕು. ಬೇಗ ಮಾಡಿ, ಆದ್ರೆ ಗಾಬರಿಲಿ ಮಾಡ್ಬೇಡಿ."

ಮತ್ತೆ ಹೋದೆ. ಮತ್ತೆ ಬಂದೆ. ಬಿಸಿಲು ಇಳಿಯುವ ತನಕ ಅದೇ ರಸ್ತೆ, ಅದೇ ಕಲ್ಲು. ನಡುನಡುವೆ ಬೆರಳು ಬಿಡಿಸಿ ಬಿಸಿಲಿಗೆ ಹಿಡಿದು ಕೂರುತ್ತಿದ್ದೆ. ಯಾವಾಗಲೋ ಒಂದು ಸಲ ಆ ಭಾರ ಗೊತ್ತಾಯಿತು. ಗಾಡಿ ಮುಂದಕ್ಕೆ ತೂಗಿ ನನ್ನ ಅಂಗೈಗೆ ಒರಗಿತು, ನಾನು ಹಿಂಡಿದೆ, ಅದು ನಿಂತಿತು. ಜಾರಲಿಲ್ಲ, ಬಳುಕಲಿಲ್ಲ. ಎಡಗೈಯ ಪಾಲು ಅರ್ಧಕ್ಕಿಂತ ಕಡಿಮೆಯಾಗಿತ್ತು. ಇಷ್ಟು ವರ್ಷ ಒಂಟಿಯಾಗಿ ಹೊತ್ತದ್ದಕ್ಕೆ ಈಗ ಜೊತೆಯಾಗಿತ್ತು. ಕೆಳಗೆ ನೋಡಿದರೆ ಸುಧಾಳ ಎರಡನೇ ಚಪ್ಪಲಿಯ ಪಕ್ಕದಲ್ಲೇ ನನ್ನ ಚಕ್ರ.

ಧನ್ಯಾ ಸೈಟಿನ ಕಲ್ಲಿನ ಮೇಲೆ ಕೂತಿದ್ದವಳು ಕೇಳಿದಳು, "ಹಿಂದೆ ಯಾರಾದ್ರೂ ಕೂತ್ರೂ ಅಲ್ಲೇ ನಿಲ್ಲತ್ತಾ?"

ಸುಧಾ ಸುಳ್ಳು ಹೇಳಲಿಲ್ಲ. "ಇಲ್ಲ ಪುಟ್ಟಿ. ಭಾರ ಜಾಸ್ತಿ ಅಲ್ವಾ, ಇನ್ನೊಂಚೂರು ಮುಂದೆ ಹೋಗತ್ತೆ."

"ಓ," ಎಂದಳು ಧನ್ಯಾ. ಮನೆಗೆ ಹೊರಡುವಾಗ ಸುಧತ್ತೆಯ ಬೈಕನ್ನೇ ಹತ್ತಿದಳು. ನಾನು ಬಲವಂತ ಮಾಡಲಿಲ್ಲ. ಅವಳಿಗೂ ತನ್ನದೊಂದು ಟವೆಲ್ಲು ಇರುತ್ತದೆ, ಅದು ಯಾವಾಗ ಹಿಂಡಲು ಬರುತ್ತದೋ ಅವಳಿಗೇ ಗೊತ್ತಾಗಬೇಕು.

ಆಮೇಲೆ ದಿನಾ ಸಂಜೆ ನಾನೂ ಯಜಮಾನರೂ ಆ ಲೇಔಟಿಗೆ ಹೋಗತೊಡಗಿದೆವು. ಮೊದಮೊದಲು ಒಬ್ಬಳೇ ಓಡಿಸುತ್ತಿದ್ದೆ. ಒಂದು ಸಂಜೆ ಅವರು, "ನಾನು ಕೂತ್ಕೋತೀನಿ, ನಿಲ್ಸಿ ನೋಡು," ಎಂದು ಹಿಂದೆ ಹತ್ತಿದರು. ತೂಕದ ಮನುಷ್ಯ. ಅವರು ಇದ್ದಕ್ಕಿದ್ದಂತೆ "ಈಗ" ಎನ್ನುವುದು, ನಾನು ನಿಲ್ಲಿಸುವುದು. ಒಮ್ಮೆ ಅವರ ಹೆಲ್ಮೆಟ್ಟು ನನ್ನದಕ್ಕೆ ಢಿಕ್ಕಿ ಹೊಡೆದು ಇಬ್ಬರೂ ನಕ್ಕೆವು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ನನ್ನ ಹಿಂದೆ ಕೂತದ್ದು ಅದೇ ಮೊದಲು. ಗೆಂಡೆಹಳ್ಳಿಯವರು ಮತ್ತೆ ಫೋನ್ ಮಾಡಿದಾಗ ಎತ್ತಿದ್ದು ಅತ್ತೆ. "ಇಲ್ಲಪ್ಪ, ಗಾಡಿ ಕೊಡಲ್ಲ. ನಮ್ಮ ಸೊಸೆಗೆ ಬೇಕು," ಎಂದು ಇಟ್ಟುಬಿಟ್ಟರು. ಬೀನ್ಸ್ ನಾರು ತೆಗೆಯುವುದನ್ನು ಮುಂದುವರಿಸಿದರು. ಆಮೇಲೆ ಯಜಮಾನರು ತಾವಾಗಿಯೇ ನಮ್ಮ ಬೀದಿಯ ಹೆಂಗಸರ ಗಾಡಿಗಳನ್ನೆಲ್ಲ ಒಂದೊಂದಾಗಿ ಗ್ಯಾರೇಜಿಗೆ ತಳ್ಳಿಸಿದರು. "ಮೇಷ್ಟ್ರಿಗೆ ಏನಾಯ್ತು," ಎಂದು ಜನ ನಕ್ಕರು. ಅವರು ಜಡತ್ವದ ಪಾಠವನ್ನು ರಸ್ತೆಯಲ್ಲೇ ಮಾಡಿದರು.

ಧನ್ಯಾ ಕೇಳಿದ್ದು ಪರೀಕ್ಷೆಗೆ ಸ್ವಲ್ಪ ಮೊದಲು. ಅಂದು ಆಟೋ ಬರಲಿಲ್ಲ. ಯಜಮಾನರು ಆಗಲೇ ಜಾವಗಲ್ ಬಸ್ಸು ಹತ್ತಿ ಹೋಗಿದ್ದರು. ಅವಳು ಗೇಟಿನ ಬಳಿ ನಿಂತು ಬೀದಿಯ ಕೊನೆ ನೋಡಿ, ಬ್ಯಾಗು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿ, ಒಳಗೆ ಬಂದು, "ಅಮ್ಮ, ಟವೆಲ್ ಹಿಂಡಿದ್ಯಾ ಇವತ್ತು?" ಎಂದಳು.

ಅವಳೆದುರಿಗೇ ಮತ್ತೊಮ್ಮೆ ನೆನೆಸಿ ಹಿಂಡಿದೆ. ನೀರು ಧಾರೆಯಾಗಿ ಇಳಿಯಿತು. ಅವಳು ಪೂರ್ತಿ ಇಳಿಯುವ ತನಕ ನೋಡಿ, ಹೆಲ್ಮೆಟ್ಟು ತಂದಳು.

ಹಿಂದೆ ಕೂತವಳು ಮಾತಾಡಲಿಲ್ಲ. ಎರಡೂ ಕೈಯಲ್ಲಿ ಸೀಟಿನ ಹಿಂದಿನ ಕಂಬಿ ಹಿಡಿದಿದ್ದಳು, ನನ್ನನ್ನು ಮುಟ್ಟಿರಲಿಲ್ಲ. ನಾನೂ ನಿಧಾನವಾಗಿಯೇ ಹೋಗುತ್ತಿದ್ದೆ. ದೇವಸ್ಥಾನದ ಮುಂದಿನ ರಸ್ತೆಗೆ ಬಂದೆವು. ಬೆಳಿಗ್ಗೆಯೇ ಯಾತ್ರಿಕರ ಒಂದು ವ್ಯಾನು ಬಂದು ನಿಂತಿತ್ತು. ಒಬ್ಬಾತ ಹೆಂಡತಿ, ಮಕ್ಕಳು, ಅಜ್ಜಿ, ಎಲ್ಲರನ್ನೂ ಗೇಟಿನ ಮುಂದೆ ಸಾಲಾಗಿ ನಿಲ್ಲಿಸಿ ಮೊಬೈಲು ಹಿಡಿದಿದ್ದ. ಎಲ್ಲರೂ ಫೋಟೋದಲ್ಲಿ ಹಿಡಿಸಲಿಲ್ಲವೇನೋ, ಒಂದು ಹೆಜ್ಜೆ ಹಿಂದೆ ಬಂದ. ಇನ್ನೂ ಒಂದು. ವ್ಯಾನಿನ ಮರೆಯಿಂದ, ಬೆನ್ನು ನಮ್ಮ ಕಡೆ ಮಾಡಿಕೊಂಡು, ಸರಕ್ಕನೆ ನಡುರಸ್ತೆಗೇ ಬಂದುಬಿಟ್ಟ.

ನಾನು ಯೋಚಿಸಲಿಲ್ಲ. ಎರಡೂ ಕೈ ಮುಚ್ಚಿದವು. ಭಾರ ಬಂದು ಅಂಗೈಗೆ ಒರಗಿತು, ಹಿಂಡಿದೆ, ಬೆನ್ನಿಗೆ ಧನ್ಯಾಳ ಬ್ಯಾಗು, ಹೆಲ್ಮೆಟ್ಟು, ಅವಳ ಇಡೀ ಭಾರ ಬಂದು ತಾಗಿತು. ಗಾಡಿ ನೆಟ್ಟಗೆ ನಿಂತಿತು. ಆಮೇಲೆ ನನ್ನ ಎಡಗಾಲು ಇಳಿಯಿತು. ಆತನ ಅಂಗಿಯ ಮೇಲಿನ ಇಸ್ತ್ರಿ ಗೆರೆ ಕಾಣುವಷ್ಟು ಹತ್ತಿರ. ಆತನಿಗೆ ಏನೂ ಗೊತ್ತಾಗಲಿಲ್ಲ. ಫೋಟೋ ತೆಗೆದು, ಹಿಂತಿರುಗಿ ನೋಡಿ, ನಾವು ಅವನಿಗಾಗಿಯೇ ಅಲ್ಲಿ ಕಾದು ನಿಂತವರು ಎನ್ನುವ ಹಾಗೆ ನಕ್ಕ.

"ಮೇಡಂ, ಒಂದು ಫೋಟೋ ತೆಗೆದು ಕೊಡ್ತೀರಾ? ನಾನೂ ಅವ್ರ ಜೊತೆ ನಿಂತ್ಕೋತೀನಿ."

ನನ್ನ ಎರಡೂ ಕೈ ಇನ್ನೂ ಬ್ರೇಕಿನ ಮೇಲೇ ಇದ್ದವು.

"ಕೊಡಿ ಅಂಕಲ್, ನಾನು ತೆಗೀತೀನಿ," ಎಂದು ಧನ್ಯಾ ಇಳಿದಳು. "ಅಮ್ಮ, ನೀನು ಗಾಡಿ ಹಿಡ್ಕೊಂಡಿರು." ರಸ್ತೆಯ ಎರಡೂ ಕಡೆ ನೋಡಿ, ಪಕ್ಕಕ್ಕೆ ಹೋಗಿ ನಿಂತು, ಅಜ್ಜಿಗೆ ಸ್ವಲ್ಪ ಬಲಕ್ಕೆ ಬರಲು ಹೇಳಿ, ಫೋಟೋ ತೆಗೆದು ಕೊಟ್ಟಳು. ಆತ ಥ್ಯಾಂಕ್ಸ್ ಹೇಳಿದ. ಅವಳು, "ರೋಡಲ್ಲಿ ಹಿಂದೆ ನೋಡ್ಕೊಂಡು ಬನ್ನಿ ಅಂಕಲ್, ಎಲ್ಲಾರೂ ನಮ್ಮಮ್ಮನ ಥರ ನಿಲ್ಸಲ್ಲ," ಎಂದಳು.

ವಾಪಸ್ಸು ಬಂದು ಹತ್ತಿದಳು. ಈ ಸಲ ಕಂಬಿ ಹಿಡಿಯಲಿಲ್ಲ. ಒಂದು ಕೈ ನನ್ನ ಹೆಗಲ ಮೇಲೆ ಬಂತು, ಆಮೇಲೆ ಹಿಂದಿನಿಂದ ಕತ್ತು ಚಾಚಿ ರಸ್ತೆಯ ಮುಂದೆ ನೋಡಿದಳು.

"ಬಸ್ಸು ಹೋಗ್ಬಿಡತ್ತೆ," ಎಂದಳು. "ಸ್ವಲ್ಪ ಜೋರಾಗಿ ಹೋಗಮ್ಮ."